ಉಡದಾರದ ಅಳತೆ

ಹೊಸ ಸುದ್ದಿ ಕಿವಿಗೆ ಬಿದ್ದರೆ ಅದನ್ನು ಕೂತು ಯೋಚಿಸುವವರು ಇರುತ್ತಾರೆ. ನನಗೋ ತಕ್ಷಣ ಮಾಡಿ ನೋಡುವ ಚಟ. ತಾಮ್ರದ ಕೊಡದ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ದಿನವೇ ಪುಣೆಯ ಪೇಟೆಯೆಲ್ಲ ಅಲೆದು ದೊಡ್ಡದೊಂದು ಕೊಡ ಹೊತ್ತು ತಂದಿದ್ದೆ. ಈಗ ಅದರಲ್ಲಿ ನನ್ನ ಹೆಂಡತಿ ಮಹಾನಂದಾ ಈರುಳ್ಳಿ ತುಂಬಿಟ್ಟಿದ್ದಾಳೆ. ಇಂಥ ನನ್ನ ಕೈಗೆ ಕಳೆದ ತಿಂಗಳು ಸೊಂಟದ ಸುದ್ದಿ ಸಿಕ್ಕಿತು.

ಹಿಂಜವಾಡಿಯ ಒಂದು ಕಂಪನಿಯಲ್ಲಿ ನೌಕರರ ಕ್ಯಾಬುಗಳನ್ನು ಹೊಂದಿಸುವುದು ನನ್ನ ಕೆಲಸ. ಇಡೀ ದಿನ ಗಾಡಿಗಳನ್ನು ಓಡಿಸುತ್ತೇನೆ, ನಾನು ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ವಡಾಪಾವ್. ಆದರೂ ತೂಕದ ವಿಷಯದಲ್ಲಿ ನನಗೆ ಭಾರಿ ಜಂಬವಿತ್ತು. ಕೈಕಾಲು ಕಡ್ಡಿ, ತೂಕ ಸರಿಯಾಗಿ ಎಷ್ಟಿರಬೇಕೋ ಅಷ್ಟು. ನಡುವೆ ಒಂದಿಷ್ಟು ಮುಂದೆ ಬಂದದ್ದನ್ನು ನಾನು ಹುದ್ದೆಗೆ ಒಪ್ಪುವ ಗಾಂಭೀರ್ಯ ಎಂದುಕೊಂಡಿದ್ದೆ. ಆರೋಗ್ಯದ ಬಗ್ಗೆ ತಿಳಿಹೇಳಲು ಕಂಪನಿಗೆ ಬಂದ ಡಾಕ್ಟರರು ಮರಾಠಿಯಲ್ಲಿ ಮಾತಾಡುತ್ತ ಆ ಗಾಂಭೀರ್ಯವನ್ನೇ ಹಿಡಿದರು. ತೂಕ ಪೂರ್ತಿ ಸತ್ಯ ಹೇಳುವುದಿಲ್ಲವಂತೆ. ಹೊಟ್ಟೆಯೊಳಗೆ, ಯಕೃತ್ತಿನ ಸುತ್ತಮುತ್ತ ಸೇರಿಕೊಳ್ಳುವ ಕೊಬ್ಬೇ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಎಲ್ಲವನ್ನೂ ಹತ್ತಿರ ಕರೆಯುತ್ತದಂತೆ. ತಿಳಿಯುವ ಉಪಾಯ ಬಲು ಸುಲಭ: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧವನ್ನು ದಾಟಬಾರದು. ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ರಕ್ತ ಕೊಡುವುದಿಲ್ಲ, ಉಪವಾಸ ಇರುವುದಿಲ್ಲ, ಒಂದು ದಾರ ಸಾಕು! ಡಾಕ್ಟರರು ಎಲ್ಲಿ ಅಳೆಯಬೇಕೆಂದು ತೋರಿಸಲು ಟೇಪು ತೆಗೆಯುವಷ್ಟರಲ್ಲಿ ಒಂದು ಕ್ಯಾಬು ಸೇತುವೆಯ ಮೇಲೆ ಕೆಟ್ಟು ನಿಂತಿದೆ ಎಂದು ಫೋನು ಬಂತು. ಹೊರಗೆ ಓಡಿದೆ. ಸೊಂಟ ಎಲ್ಲಿದೆ ಎಂದು ಯಾರಾದರೂ ಕಲಿಸಬೇಕೇ ಎಂದುಕೊಂಡೆ.

ಸಂಜೆ ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಟೇಪು ಹುಡುಕಿದೆ. ಸಿಗಲಿಲ್ಲ. ಮಹಾನಂದಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆಗ ಹೊಳೆಯಿತು ನೋಡಿ! ಅಳತೆ ನನ್ನ ಮೈಮೇಲೆಯೇ ಇದೆ. ಕಲಬುರಗಿ ಕಡೆಯವರಾದ ನಮ್ಮಲ್ಲಿ ಗಂಡಸರು ಚಿಕ್ಕಂದಿನಿಂದ ಸೊಂಟಕ್ಕೆ ಕರಿದಾರದ ಉಡದಾರ ಕಟ್ಟಿಕೊಳ್ಳುತ್ತಾರೆ. ಸೊಂಟಕ್ಕೆ ಸರಿಯಾಗಿ ಕಟ್ಟಿದ ದಾರವೇ ಇರುವಾಗ ಟೇಪು ಯಾಕೆ? ಕತ್ತರಿ ತಂದು ಕಚಕ್ಕನೆ ಕತ್ತರಿಸಿದೆ. ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನ ಗೆರೆ ಎಳೆದೆ. ನೆಲದಿಂದ ಉಡದಾರವನ್ನು ಒಮ್ಮೆ ಹಿಡಿದೆ, ಅದರ ಮೇಲೆ ಇನ್ನೊಮ್ಮೆ ಹಿಡಿದೆ. ಗೆರೆಗಿಂತ ನಾಲ್ಕು ಬೆರಳು ಕೆಳಗೇ ಮುಗಿಯಿತು. ಪಾಸು! ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ನಾನು ಅಷ್ಟು ಕುಣಿದಿರಲಿಲ್ಲ. ದೌಂಡದಲ್ಲಿ ರೈಲ್ವೆ ನೌಕರಿಯಲ್ಲಿರುವ ಮಹಾನಂದಾಳ ಅಣ್ಣನಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದೆ. ಅವರಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದಾಗ ಇವಳೇ ಹೋಗಿ ಪಕ್ಕದಲ್ಲಿ ಕೂತಿದ್ದಳು. ನೀವು ಪುಣ್ಯವಂತರು ಎಂದರು ಪಾಪ. ನಾನೂ ಹೌದೆಂದೆ.

ನನ್ನ ಗದ್ದಲ ಕೇಳಿ ಮಹಾನಂದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಕೈಯಲ್ಲಿ ಜೋತಾಡುತ್ತಿದ್ದ ದಾರವನ್ನು ನೋಡಿದವಳೇ ಅಲ್ಲೇ ನಿಂತುಬಿಟ್ಟಳು.

"ನಾ ಇನ್ನಾ ಜೀವಂತ ಇದ್ದೀನ್ರಿ," ಎಂದಳು.

ನಮ್ಮ ಕಡೆ ಗಂಡನ ಉಡದಾರ ಹರಿಯುವುದು ಹೆಂಡತಿ ಸತ್ತಾಗ. ಹಳೆಯದನ್ನು ಬದಲಿಸಬೇಕಾದರೂ ಮೊದಲು ಹೊಸದನ್ನು ಕಟ್ಟಿ ಆಮೇಲೇ ಹಳೆಯದನ್ನು ಬಿಚ್ಚುತ್ತಾರೆ. ನಾನು ಉತ್ಸಾಹದಲ್ಲಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯನ್ನು ಪರಲೋಕಕ್ಕೆ ಕಳಿಸಿಯೇಬಿಟ್ಟಿದ್ದೆ. ತಪ್ಪು ಮುಚ್ಚಿಕೊಳ್ಳಲು ಯಕೃತ್ತು, ಕೊಬ್ಬು, ಎತ್ತರದ ಅರ್ಧ ಎಂದೆಲ್ಲ ಒಂದೇ ಉಸಿರಿಗೆ ಒದರಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು, ಕೈ ತೊಳೆದು ಬಂದಳು.

"ಉಡದಾರ ಹೊಟ್ಟಿ ಮ್ಯಾಲ ಇತ್ತೇನು, ಹೊಟ್ಟಿ ಕೆಳಗ ಇತ್ತೇನ್ರಿ?"

ಉತ್ತರ ನನಗೆ ಗೊತ್ತಿತ್ತು. ಮದುವೆಯ ಕಾಲಕ್ಕೆ ಅದು ಹೊಕ್ಕುಳ ಹತ್ತಿರ ಇತ್ತು. ಹೊಟ್ಟೆ ಮುಂದೆ ಬಂದಂತೆಲ್ಲ ಅದು ಮರ್ಯಾದೆಯಿಂದ ಜಾಗ ಬಿಟ್ಟು ಕೆಳಗಿಳಿಯಿತು. ಪ್ಯಾಂಟೂ ಅದರ ಹಿಂದೆಯೇ ಇಳಿಯಿತು. ಇಷ್ಟು ವರ್ಷ ಅದೇ ಸೈಜಿನ ಪ್ಯಾಂಟು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದರ ಗುಟ್ಟು ಇಷ್ಟೇ.

ಅವಳು ದೇವರ ಗೂಡಿನಿಂದ ಕರಿದಾರದ ಉಂಡೆ ತಂದಳು. ನನ್ನ ನೆತ್ತಿಯಿಂದ ಅಂಗಾಲಿನವರೆಗೆ ದಾರ ಹಿಡಿದು ತುಂಡು ಮಾಡಿ, ಎರಡು ಮಡಿಕೆ ಮಾಡಿ, ಹೊಕ್ಕುಳ ಮೇಲಿಂದ ಸುತ್ತಿದಳು. ನಾನು ಉಸಿರು ಎಳೆದು ನಿಂತೆ. ತುದಿಗಳು ಹೇಗೋ ಮುಟ್ಟಿದವು. ಅವಳು ಕೈ ಸಡಿಲಿಸದೆ ಕಾದಳು. ಎಷ್ಟಾದರೂ ಮನುಷ್ಯ, ಉಸಿರು ಬಿಡಲೇಬೇಕಲ್ಲ. ಬಿಟ್ಟೆ. ಎರಡೂ ತುದಿಗಳ ನಡುವೆ ಅವಳ ಅಂಗೈ ಆರಾಮಾಗಿ ಕೂರುವಷ್ಟು ಜಾಗ ತೆರೆಯಿತು.

ಮತ್ತೊಂದು ಉದ್ದನೆಯ ದಾರ ತೆಗೆದು ನನಗೆ ಹೊಸ ಉಡದಾರ ಕಟ್ಟತೊಡಗಿದಳು. ಮುಖ ಇನ್ನೂ ಬಿಗಿದೇ ಇತ್ತು. ನಗಿಸೋಣವೆಂದು, ದಾರ ಕತ್ತರಿಸಿದರೂ ನಿನಗೇನೂ ಆಗಲಿಲ್ಲವಲ್ಲ, ಇಷ್ಟೊಂದು ಹೆದರುವುದೇ ಎಂದೆ. ಅವಳು ಗಂಟು ಬಿಗಿದು ತಲೆ ಎತ್ತಿದಳು.

"ನಿಮ್ಮ ಉಡದಾರ ಹರದ್ರ ನಾ ಇದ್ದೀನಿ, ಮತ್ತೊಂದು ಕಟ್ತೀನಿ. ನನ್ನ ಕೊರಳಾಗಿಂದು ಹರದ್ರ ಯಾರು ಕಟ್ಟಾವ್ರು, ಹೇಳ್ರಿ."

ಹೆದರಿದ್ದು ಅವಳು ತನಗಾಗಿ ಅಲ್ಲ ಎಂಬುದು ನನಗೆ ಆಗ ತಿಳಿಯಿತು, ತಿಳಿದು ಬಹಳ ನಾಚಿಕೆಯಾಯಿತು. ರಾತ್ರಿ ರೊಟ್ಟಿಯ ಮೇಲೆ ಬೆಣ್ಣೆ ಬೇಡವೆಂದೆ. ನಾಳೆಯಿಂದಲೇ ನಡಿಗೆ ಎಂದು ಘೋಷಿಸಿದೆ.

ಮರುದಿನ ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು, ಎದೆಯುಬ್ಬಿಸಿಕೊಂಡು ನಡಿಗೆಗೆ ಹೊರಟೆ. ಮಹಾನಂದಾ ಬಾಗಿಲವರೆಗೆ ಬಂದು ನಿಂತಳು. ನಾನು ಹುರುಪಿನಲ್ಲಿ ಹೋಗಿ ಲಿಫ್ಟಿನ ಗುಂಡಿ ಒತ್ತಿದೆ. ತಿರುಗಿ ನೋಡಿದರೆ ಅವಳು ಕೊರಳಿಗೆ ಕೈ ಹಚ್ಚಿಕೊಂಡು ನಿಂತಿದ್ದಳು. ಲಿಫ್ಟು ಬಂತು, ಬಾಗಿಲು ತೆರೆಯಿತು. ನಾನು ಮೆಟ್ಟಿಲು ಇಳಿದೆ.