ಹೊಳೆ ದಾಟಿದ ಕಡಕ್ ರೊಟ್ಟಿ

ನೀರಿಗೆ ಹೆದರುವವರನ್ನು ಕಂಡರೆ ನನಗೆ ಅಸೂಯೆ. ಈಜು ಕಲಿತರೆ ಅವರ ಹೆದರಿಕೆ ಹೋಗುತ್ತದೆ. ನನ್ನದು ತೇವದ ಹೆದರಿಕೆ. ಅದಕ್ಕೆ ಯಾವ ವಿದ್ಯೆಯೂ ಇಲ್ಲ. ಹುಟ್ಟಿನಿಂದ ಬಂದದ್ದೇನಲ್ಲ. ಗದಗಿನ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ಎಲ್ಲಿದೆಯೆಂದು ಯಾರೂ ಹುಡುಕಿದವರಲ್ಲ. ನಮ್ಮೂರ ಗಾಳಿಗೆ ಒದ್ದೆ ಟವೆಲ್ಲೇ ಹಪ್ಪಳವಾಗುತ್ತದೆ, ಇನ್ನು ಉಪ್ಪು ಎಲ್ಲಿ ನೀರೊಡೆಯಬೇಕು! ಈ ಹೆದರಿಕೆ ಅಂಟಿಕೊಂಡದ್ದು ಮಗಳು ಸವಿತಾಳನ್ನು ತುಂಗಭದ್ರೆಯ ಆಚೆ ದಂಡೆಯ ಊರಿಗೆ ಕೊಟ್ಟ ಮೇಲೆ.

ಗದಗಿನಿಂದ ಮುಂಡರಗಿಗೆ ಬಂದರೆ, ಅಲ್ಲಿಂದ ಅವಳ ಊರಿಗೆ ಎರಡು ದಾರಿ. ಸೇತುವೆ ದಾಟಿ ಸುತ್ತಿಕೊಂಡು ಹೋದರೆ ರಸ್ತೆಯ ತಗ್ಗುಗಳಿಗೆ ನಾವು ಒಯ್ಯುವ ಕಡಕ್ ರೊಟ್ಟಿ ನುಚ್ಚಾಗುತ್ತದೆ. ದೋಣಿಯಲ್ಲಿ ನೆಟ್ಟಗೆ ದಾಟಿದರೆ ಮೆತ್ತಗಾಗುತ್ತದೆ. ಕಳೆದ ಪಂಚಮಿಗೆ ಮೆತ್ತಗಾಗಿಯೇ ಬಿಟ್ಟಿತು. ಬೀಗತಿ ಒಂದು ರೊಟ್ಟಿಯನ್ನು ಕರವಸ್ತ್ರದಂತೆ ಮಡಚಿ, ನೆರೆದ ಹೆಂಗಸರಿಗೆಲ್ಲ ತೋರಿಸಿ, "ಗದಗಿನ್ಯಾಗ ರೊಟ್ಟಿ ಹಿಂಗ ಮಾಡ್ತಾರೇನ್ರಿ?" ಎಂದು ನಕ್ಕರು. ನನ್ನ ಹೆಂಡತಿ ಗಿರಿಜಾ ಅಂದು ಮನೆಗೆ ಬರುವವರೆಗೆ ಬಾಯಿ ಬಿಡಲಿಲ್ಲ. ಬಂದ ಮೇಲೆ ಮುಚ್ಚಲಿಲ್ಲ.

ಈಗ ಸವಿತಾಳ ಕುಬಸ, ಅಂದರೆ ಸೀಮಂತ. ಬಸುರಿ ಮಗಳಿಗೆ ಒಯ್ಯುವ ಬುತ್ತಿಯಲ್ಲಿ ರೊಟ್ಟಿಯಿಂದ ಹಿಡಿದು ಉಪ್ಪಿನವರೆಗೆ ಎಲ್ಲವೂ ತವರಿನದೇ ಆಗಬೇಕು. "ಈ ಸಲನೂ ಮೆತ್ತಗಾದ್ರ ನಾ ಅಲ್ಲೇ ಹೊಳಿಗೆ ಹಾರ್ತೀನಿ ನೋಡ್ರಿ" ಎಂದಳು ಗಿರಿಜಾ. ಅವಳು ಹಾರುವವಳಲ್ಲ, ನನ್ನನ್ನು ನೂಕುವ ಸಂಭವವೇ ಹೆಚ್ಚು.

ಹೀಗಾಗಿ ಬುತ್ತಿ ಕಟ್ಟುವ ಹೊಣೆಯನ್ನು ನಾನೇ ಹೊತ್ತೆ. ಉಪ್ಪನ್ನು ಹಂಚಿನ ಮೇಲೆ ಹುರಿಸಿ, ಡಬ್ಬಿಯ ತಳಕ್ಕೆ ಒಂದು ಹಿಡಿ ಅಕ್ಕಿ ಹಾಕಿಸಿದೆ. ರೊಟ್ಟಿಯ ಡಬ್ಬಿಗೆ ಮುಚ್ಚಳ ಬಿಗಿದು, ಸಂದಿಗೆ ಕಣಕ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಗೊಬ್ಬರದ ಚೀಲ ಹೊಲಿದೆ. ಹೊಲಿಗೆ ಮುಗಿದ ಮೇಲೆ ಉಪ್ಪಿನ ಡಬ್ಬಿ ಹೊರಗೇ ಉಳಿದದ್ದು ಕಂಡಿತು. ಕೈಯಲ್ಲೇ ಹಿಡಿದುಕೊಂಡು ಹೊರಟೆ.

ದೋಣಿಯ ತಳದಲ್ಲಿ ಎಂದಿನಂತೆ ನೀರು ಓಡಾಡುತ್ತಿತ್ತು. ರೊಟ್ಟಿಯ ಗಂಟು ಗಿರಿಜಾಳ ತೊಡೆಯ ಮೇಲೆ, ಉಪ್ಪಿನ ಡಬ್ಬಿ ನನ್ನ ಎದೆಗೆ. ನಡುಹೊಳೆಗೆ ಬರುವಷ್ಟರಲ್ಲಿ ಗಾಳಿ ಎದ್ದಿತು. ಅಲೆಯೊಂದು ಬಡಿದು ನೀರು ಹಾರಿದ್ದೇ ತಡ, ನಾನು ಡಬ್ಬಿಯನ್ನು ತಲೆಯ ಮೇಲೆತ್ತಿ ಎದ್ದು ನಿಂತೆ. ದೋಣಿ ಒಂದು ಕಡೆ ವಾಲಿತು.

"ಏ ಕುಂಡ್ರಿ ಸಾಹೇಬ್ರ! ದೋಣಿ ಮಗಚತೈತಿ! ಎರಡೂ ಕೈಲೆ ಹಲಗಿ ಹಿಡ್ಕೋರಿ!" ಎಂದು ಅಂಬಿಗ ಚೀರಿದ.

ನಾನು ಡಬ್ಬಿಯನ್ನು ಗಿರಿಜಾಳತ್ತ ಚಾಚಿದೆ. ಅವಳು ಥಟ್ಟನೆ ಕೈ ಹಿಂದೆಳೆದುಕೊಂಡಳು.

"ಉಪ್ಪು ಕೈಯಾಗ ಕೊಡಬ್ಯಾಡ್ರಿ, ಜಗಳಾಗ್ತಾವು! ಕೆಳಗ ಇಡ್ರಿ, ತಗೋತೀನಿ."

"ಕೆಳಗ ನೀರೈತಲ್ಲ!"

"ಹಂಗಾರ ಹಿಡ್ಕೊಂಡು ನಿಂದರ್ರಿ!"

"ನಿಂತ್ರ ಮುಳುಗ್ತೀವಲ್ಲೇ!"

"ಇನ್ನೂ ಕೈಯಾಗ ಕೊಟ್ಟಿಲ್ಲ, ಆಗಲೇ ಜಗಳ ಚಾಲೂ ಆತಲ್ರಿ" ಎಂದ ಅಂಬಿಗ, ಹುಟ್ಟನ್ನು ಒತ್ತಿ ಹಿಡಿದು.

ನನಗೆ ನಗು ಬರಲಿಲ್ಲ. ನಮ್ಮಿಬ್ಬರಿಗೂ ಈಜು ಬಾರದು. ದೋಣಿ ಮತ್ತೆ ವಾಲಿದಾಗ ನಾನು ಕುಸಿದು ಕುಳಿತು, ಡಬ್ಬಿಯನ್ನು ಅವಳ ತೊಡೆಯ ಮೇಲಿದ್ದ ರೊಟ್ಟಿಯ ಗಂಟಿನ ಮೇಲೆ ಇಟ್ಟೆ. ಕೊಟ್ಟದ್ದಲ್ಲ, ಇಟ್ಟದ್ದು, ಆದ್ದರಿಂದ ಅವಳು ಶಾಸ್ತ್ರೋಕ್ತವಾಗಿ ತೆಗೆದುಕೊಂಡಳು.

ಬೀಗರ ಪಡಸಾಲೆಯಲ್ಲಿ ನಾನೇ ಕೂತು ಹೊಲಿಗೆ ಬಿಚ್ಚಿದೆ. ಹೆಂಗಸರೆಲ್ಲ ಸುತ್ತ ಕೂತಿದ್ದರು. ಬೀಗತಿ ಒಂದು ರೊಟ್ಟಿ ಎತ್ತಿ ಮುರಿದರು. ಟಕ್ಕೆಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಯಾವ ಸಂಗೀತ ಕಚೇರಿಯಲ್ಲೂ ಕೇಳಿಲ್ಲ. "ಬರೋಬ್ಬರಿ ಆಗ್ಯಾವ ನೋಡ್ರಿ" ಎಂದರು. ಗಿರಿಜಾ ಸೆರಗು ಸರಿಮಾಡಿಕೊಂಡಳು, ನಾನು ಮೀಸೆ.

ಸವಿತಾ ಒಂದು ತುಂಡು ಬಾಯಿಗಿಟ್ಟು ಮುಖ ಕಿವುಚಿದಳು. ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು, "ಅಪ್ಪಾ, ವಸಡು ಬಾತಾವು, ಕಡಿಯಾಕ ಆಗವಲ್ದು. ಪಂಚಮ್ಯಾಗ ತಂದಿದ್ದಿಯಲ್ಲ, ಮೆತ್ತನ್ನ ರೊಟ್ಟಿ, ಅದರ ಮ್ಯಾಲ ಭಾಳ ಬಯಕಿ ಆಗಿತ್ತು" ಎಂದಳು.

ನನಗೆ ನಾಚಿಕೆಯಾಯಿತು. ಇಷ್ಟೆಲ್ಲ ಹುರಿಸಿ, ಮೆತ್ತಿ, ಹೊಲಿದು ತಂದವನು, ಬಸುರಿ ಮಗಳಿಗೆ ಏನು ಬೇಕೆಂದು ಒಂದು ಫೋನು ಮಾಡಿ ಕೇಳಿರಲಿಲ್ಲ. ತಂಬಿಗೆ ತೆಗೆದುಕೊಂಡು ಅವಳ ರೊಟ್ಟಿಗೆ ಕೈಯಾರೆ ನೀರು ಚಿಮುಕಿಸಿದೆ. "ಇನ್ನೊಂಚೂರು ಹಾಕಪ್ಪಾ" ಎಂದಳು. ಹಾಕಿದೆ. ಆದರೆ ಹಾಕುವ ಮೊದಲು, ಬೀಗತಿ ನೋಡುತ್ತಿಲ್ಲ ತಾನೆ ಎಂದು ಒಮ್ಮೆ ತಿರುಗಿ ನೋಡಿಕೊಂಡೆ.