ಲೆನ್ಸಿಗೊಂದು ಗಾಜು, ಗಾಜಿಗೊಂದು ಗಾಜು

ಹೊಸದಾಗಿ ಕೊಂಡ ವಸ್ತುವಿನ ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತೆಸೆಯುವಷ್ಟು ಕಠಿಣ ಹೃದಯವನ್ನು ದೇವರು ನನಗೆ ಕೊಟ್ಟಿಲ್ಲ. ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಮನೆಯಲ್ಲಿ ಟೀವಿಯ ರಿಮೋಟು ಬಂದ ದಿನದ ಕವರಿನಲ್ಲೇ ಇಂದಿಗೂ ಇದೆ. ಕವರು ಮಬ್ಬಾಗಿ ಅಂಕಿಗಳು ಕಾಣುವುದಿಲ್ಲವಾದ್ದರಿಂದ ವಾರ್ತೆ ಬೇಕೆಂದು ಒತ್ತಿದರೆ ಕುಸ್ತಿ ಬರುತ್ತದೆ. ನಾವು ಕುಸ್ತಿಯನ್ನೇ ನೋಡುತ್ತೇವೆ. ಸ್ಕೂಟರಿನ ಸೀಟಿಗೆ ಅಂಗಡಿಯವರು ಕೊಟ್ಟ ಹೊದಿಕೆ, ಅದು ಹರಿಯದಿರಲೆಂದು ನಾನು ಹೊಲಿಸಿದ ಹೊದಿಕೆ, ಅದು ಕೊಳೆಯಾಗದಿರಲೆಂದು ಒಂದು ಹಳೆಯ ಟವೆಲು. ಹೀಗೆ ಮೂರು ಪದರಗಳ ಮೇಲೆ ವಿರಾಜಮಾನನಾಗಿ ದಿನಾ ಮಂಡ್ಯ ಸ್ಟೇಷನ್ನಿಗೆ ಹೋಗಿ, ರೈಲು ಹಿಡಿದು, ಮದ್ದೂರಿನ ಕಚೇರಿ ಸೇರುತ್ತೇನೆ. ಅಸಲು ಸೀಟು ಯಾವ ಬಣ್ಣದ್ದೆಂದು ಕೇಳಬೇಡಿ. ನೋಡಿ ಬಹಳ ವರ್ಷವಾಯಿತು.

ಇಂಥವನು ಒಂದು ಕ್ಯಾಮೆರಾ ಕೊಂಡ. "ಸಾರ್, ಲೆನ್ಸ್ ಮುಂದೆ ಒಂದು ಫಿಲ್ಟರ್ ಹಾಕ್ಸಿಬಿಡಿ. ಲೆನ್ಸಿನ ಮುಂದೆ ಏನಾದ್ರೂ ಒಂದು ಇರ್ಬೇಕು. ಗೀರು, ಧೂಳು, ಪೆಟ್ಟು ಎಲ್ಲಾ ಅದ್ರ ಮೇಲೇ ಬೀಳ್ಲಿ" ಎಂದ ಅಂಗಡಿಯವನು, ತಿರುಗಿಸಿ ಕೂರಿಸುವ ದುಂಡನೆಯ ಬಣ್ಣವಿಲ್ಲದ ಗಾಜೊಂದನ್ನು ತೋರಿಸಿದ. ನನ್ನ ಬಾಳಿನ ತತ್ತ್ವವನ್ನು ಒಬ್ಬ ಅಪರಿಚಿತ ಇಷ್ಟು ಸರಳವಾಗಿ ನುಡಿದದ್ದು ಕೇಳಿ, ಚೌಕಾಸಿಯನ್ನೂ ಮಾಡದೆ ಕೊಂಡುಬಿಟ್ಟೆ. ಮನೆಗೆ ಬಂದ ಮೇಲೆ ಚಿಂತೆ ಹತ್ತಿತು. ಲೆನ್ಸನ್ನು ಫಿಲ್ಟರು ಕಾಯುತ್ತದೆ, ಸರಿ. ಫಿಲ್ಟರನ್ನು ಕಾಯುವವರು ಯಾರು? ಮರುವಾರವೇ ಇನ್ನೊಂದು ಅಗ್ಗದ್ದನ್ನು ತಂದು ಅದರ ಮೇಲೆ ಕೂರಿಸಿ, ಬಿಗಿದೆ. ಮತ್ತೆ ನನ್ನ ಕೈಯಲ್ಲಿ ಬಿಚ್ಚಲಾಗದಷ್ಟು ಬಿಗಿದೆನೆಂಬುದು ಆಮೇಲೆ ತಿಳಿಯಿತು.

ಆರು ವರ್ಷ ನಮ್ಮ ಕುಲಬಾಂಧವರ ನಾಮಕರಣ, ಮದುವೆ, ಬೀಗರೂಟಗಳೆಲ್ಲ ಆ ಜೋಡಿ ಗಾಜಿನ ಮೂಲಕವೇ ದಾಖಲಾದವು. ಎಲ್ಲರೂ ಮುದ್ದೆ ಬೇಯುವ ತಪ್ಪಲೆಯ ಆವಿಯ ಹಿಂದೆ ನಿಂತಂತೆ ಕಾಣುತ್ತಿದ್ದರು. ಸುಕ್ಕಾಗಲಿ, ಬಿಳಿ ಕೂದಲಾಗಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಯಾರೂ ದೂರಲಿಲ್ಲ. "ರೀ, ನಿಮ್ಮ ಫೋಟೋದಲ್ಲಿ ನಮ್ಮತ್ತಿಗೆ ಯಾರು, ಅವರ ಮಗಳು ಯಾರು ಅಂತಾನೇ ಗೊತ್ತಾಗಲ್ಲ" ಎಂದು ನನ್ನ ಹೆಂಡತಿ ಸುನಂದ ಹೇಳಿದಾಗ ನಾನು ಅದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆ.

ಆದರೆ ಬಂಡೂರಿನಲ್ಲಿರುವ ನನ್ನ ಮಾವನವರಿಗೆ ಒಂದು ಆಸೆಯಿತ್ತು. ತಾವು ಹೋದ ಮೇಲೆ ಗೋಡೆಗೆ ಹಾಕುವ ಫೋಟೋವನ್ನು ತಾವೇ ನೋಡಿ ಒಪ್ಪಿ ಹೋಗಬೇಕು. ಅವರ ಅಣ್ಣ ತೀರಿಕೊಂಡಾಗ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾಕಿದ್ದರು. ಹಾರದ ನಡುವೆ ಅವರು ಸಿಕ್ಕಿಬಿದ್ದ ಕಳ್ಳನಂತೆ ಕೂತಿದ್ದರು. ಹಾಗಾಗಬಾರದೆಂದು ಮಾವ ಹೋದ ವರ್ಷ ನನ್ನಿಂದ ಒಂದು ತೆಗೆಸಿಕೊಂಡರು. "ನನ್ ಕಣ್ಣೇ ಮಂಜು ಕಣಪ್ಪ, ಫೋಟೋ ಸೆಂದಾಗೇ ಇರ್ಬೇಕು" ಎಂದು ಪೆಟ್ಟಿಗೆಯಲ್ಲಿಟ್ಟರು. ಈ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರು ಮೊದಲು ತೆರೆದದ್ದು ಆ ಪೆಟ್ಟಿಗೆಯನ್ನೇ. ನಾವಿಬ್ಬರೂ ಎದುರಿಗಿದ್ದೆವು.

"ಸುನಂದಾ, ಇದ್ನ ತಗ್ದಾಗ ಮಳೆ ಉಯ್ತಿತ್ತೇನವ್ವಾ?"

"ಇಲ್ಲ ಕಣಪ್ಪ, ಉರಿ ಬಿಸ್ಲು."

ಮಾವ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನನ್ ಕಣ್ಣಿನ ಪೊರೆ ತಗ್ಸಾಯ್ತು. ನಿಮ್ ಕ್ಯಾಮೆರಾದ್ದು ಯಾವಾಗ? ಇದ್ನ ಇಂಗೇ ಗ್ವಾಡೆಗೆ ನೇತಾಕುದ್ರೆ, ಬಂದೋರು ದೆವ್ವ ಅಂತ ಎದ್ದು ಓಯ್ತಾರೆ."

ಮಾರನೆಯ ದಿನ ಮದ್ದೂರಿನಲ್ಲಿ, ಕಚೇರಿಯ ಪಕ್ಕದಲ್ಲೇ ಮಿಕ್ಸಿ ರಿಪೇರಿ ಮಾಡುವ ರಹಮತ್ ಸಾಬರ ಮುಂದೆ ಕ್ಯಾಮೆರಾ ಇಟ್ಟೆ. ಅವರು ಸೈಕಲ್ ಟ್ಯೂಬಿನ ತುಂಡೊಂದನ್ನು ಫಿಲ್ಟರಿಗೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದರು.

"ಇದ್ನ ಟೈಟ್ ಮಾಡಿದ್ದು ಯಾರು ಸಾರ್?"

"ಅಂಗಡಿಯವನು" ಎಂದೆ, ಧೈರ್ಯವಾಗಿ.

"ಅವ್ನ ಕೈಗೆ ಲಾರಿ ಚಕ್ರ ಕೊಡ್ಬೇಕಿತ್ತು ಬುಡಿ."

ಗಾಜುಗಳು ಕಿರುಗುಟ್ಟಿ ಕಳಚಿದವು. ಎರಡರ ನಡುವೆ ಹಳೆಯ ಉಪ್ಪಿನಕಾಯಿಯ ಮೇಲಿನಂತೆ ಬೂಷ್ಟು ಬೆಳೆದಿತ್ತು. "ಲೆನ್ಸ್ ನೋಡಿ, ಅಂಗಡಿಯಿಂದ ಈಗ ತಂದಂಗದೆ" ಎಂದು ಸಾಬರು ಬೆಳಕಿಗೆ ಹಿಡಿದರು. ನಿಜ. ಆರು ವರ್ಷ ನಾನು ಕಾಪಾಡಿದ ಲೆನ್ಸು, ಆರು ವರ್ಷದಲ್ಲಿ ಒಮ್ಮೆಯೂ ಲೋಕವನ್ನು ನೇರವಾಗಿ ಕಂಡಿರಲಿಲ್ಲ.

ಭಾನುವಾರ ಆ ಬೆತ್ತಲೆ ಲೆನ್ಸಿನ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ, ಬಾಣಂತಿಯ ಕೂಸಿನಂತೆ ಎದೆಗವಚಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಸುನಂದ ಗುರುತಿಲ್ಲದವಳಂತೆ ಬೇರೆ ಸೀಟಿನಲ್ಲಿ ಕೂತಳು. ಬಂಡೂರಿನಲ್ಲಿ ಮಾವ ಒಗೆದ ಅಂಗಿ ತೊಟ್ಟು, ತಮ್ಮ ಪ್ರೀತಿಯ ಟಗರಿನ ಹಗ್ಗ ಹಿಡಿದು ಜಗಲಿಯ ಮೇಲೆ ಸಿದ್ಧರಾಗಿದ್ದರು. ನಮ್ಮ ಬಂಡೂರು ಟಗರು ಗಿಡ್ಡ, ಕೊಂಬಿಲ್ಲ, ನೋಡಲು ಸಾಧು. ಮಾವನ ಮುಖ ಮಾತ್ರ ಅಣ್ಣನ ಗುರುತಿನ ಚೀಟಿಯನ್ನೇ ನೆನಪಿಸುತ್ತಿತ್ತು.

"ಸ್ವಲ್ಪ ನಗಿ ಮಾವ."

"ಸತ್ತೋನು ನಗ್ತಾನಾ? ಸುಮ್ಕೆ ತಗೀರಿ."

ನಾನು ಎದುರಿನ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಥಳಥಳಿಸುವ ಗಾಜಿನಲ್ಲಿ ಟಗರಿಗೆ ತನ್ನಂಥದೇ ಇನ್ನೊಂದು ಟಗರು ಕಂಡಿರಬೇಕು. ಹಗ್ಗ ಜಗ್ಗಿಕೊಂಡು ನುಗ್ಗಿತು. ನನ್ನ ಬಳಿ ಫಿಲ್ಟರು ಇರಲಿಲ್ಲ, ಇದ್ದದ್ದು ಸಂಸ್ಕಾರ. ಎರಡು ಕೈಯಲ್ಲೂ ಕ್ಯಾಮೆರಾವನ್ನು ತಲೆಯ ಮೇಲಕ್ಕೆತ್ತಿ ಎದೆಯೊಡ್ಡಿದೆ. ಟಗರು ಕೊಟ್ಟ ಏಟಿಗೆ ಹಿಂದಿದ್ದ ಕಬ್ಬಿನ ತರಗಿನ ಗುಡ್ಡೆಯೊಳಗೆ ಅಂಗಾತ ಹೋಗಿ ಬಿದ್ದೆ. ಬೀಳುವಾಗ ಬೆರಳು ಗುಂಡಿ ಒತ್ತಿತು.

ಚಿತ್ರ ಕೊಂಚ ಓರೆಯಾಗಿದೆ. ನಡುವೆ ಮಾವ, ಉಳಿದಿರುವ ಎರಡೂ ಹಲ್ಲು ತೋರಿಸಿ ನಗುತ್ತಿದ್ದಾರೆ. ಗಡ್ಡದ ಒಂದೊಂದು ಕೂದಲೂ ಎಣಿಸುವಂತಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. "ಇದೇ ಇರ್ಲಿ. ಬಂದೋರು ಅಳ್ಬಾರ್ದು, ಇಂಗ್ ನಗಕ್ಕೆ ಏನಾಯ್ತು ಅಂತ ಕೇಳ್ಬೇಕು."

"ನಾನು ಯೋಳ್ತೀನಿ ಬುಡಪ್ಪ" ಎಂದಳು ಸುನಂದ, ತುಂಬು ಉತ್ಸಾಹದಿಂದ.

ಮಳವಳ್ಳಿಯಲ್ಲಿ ಚೌಕಟ್ಟು ಹಾಕಿಸಿ ತಂದೆವು. ಅದರ ಗಾಜಿಗೆ ಗೀರು ಬೀಳದಿರಲೆಂದು ನಾನು ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮಾವ ತಮ್ಮ ಕೈಯಾರೆ ಹರಿದರು. ಈಗ ಅದರ ಕೆಳಗೇ ಕೂತು ಕಾಫಿ ಕುಡಿಯುತ್ತಾರೆ. ನನ್ನನ್ನು ಕಂಡರೆ ಮೇಲಿನವರೂ ಕೆಳಗಿನವರೂ ಒಟ್ಟಿಗೆ ನಗುತ್ತಾರೆ. ಚಳಿ ಬಿದ್ದ ದಿನ ನನ್ನ ಎದೆಯೆಲುಬು ಇನ್ನೂ ನೋಯುತ್ತದೆ. ಲೆನ್ಸಿಗೆ ಒಂದು ಗೀರೂ ಆಗಿಲ್ಲ. ಅಂಗಡಿಯವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಲೆನ್ಸಿನ ಮುಂದೆ ಏನಾದರೂ ಒಂದು ಇರಬೇಕು. ಆ ದಿನ ನಾನಿದ್ದೆ.