ಎರಿಬೆರ್ತೊ ಮೇಷ್ಟ್ರ ಇಲಿ

ಮಕ್ಕಳ ಬೆರಳಿಗೆ ಗಾಜು ಉಜ್ಜುವ ಚಟ ಹತ್ತಿಸಿದವರನ್ನೆಲ್ಲ ಗಡೀಪಾರು ಮಾಡಬೇಕೆಂಬುದು ಸಾಲ್ತೊ ಊರಿನ ನಿವೃತ್ತ ಟೈಪಿಂಗ್ ಮೇಷ್ಟ್ರು ಎರಿಬೆರ್ತೊ ಅವರ ಖಚಿತ ಅಭಿಪ್ರಾಯ. ಪಕ್ಕದ ಬೀದಿಯ ಶಿಶುವಿಹಾರಕ್ಕೆಂದು ಅವರು ಆರು ಹಳೆಯ ಕಂಪ್ಯೂಟರುಗಳಿಗೆ ಮರುಜೀವ ಕೊಟ್ಟು ಪಡಸಾಲೆಯ ತುಂಬ ಪ್ರತಿಷ್ಠಾಪಿಸಿದ್ದರು. ಮುಖ್ಯೋಪಾಧ್ಯಾಯಿನಿ ಮಿರ್ತಾ ಗುರುವಾರ ಬಂದು, ಮೌಸೋ ಟಚ್‌ಸ್ಕ್ರೀನೋ ಎಂದು ತೀರ್ಮಾನಿಸುವವರಿದ್ದರು. ಟಚ್‌ಸ್ಕ್ರೀನ್ ಎಂದರೆ ಆರೂ ಗುಜರಿಗೆ, ಎರಡು ವರ್ಷದ ದುಡಿಮೆ ಮಣ್ಣುಪಾಲು.

(ಮೌಸ್ ಎಂದು ನಾವು ಅನ್ನಬಹುದು, ಮೇಷ್ಟ್ರು ಅನ್ನುವುದಿಲ್ಲ. "ನಮ್ಮ ಭಾಷೇಲಿ ಇಲಿ ಅನ್ನೋ ಪದ ಸತ್ತುಹೋಗಿದ್ಯಾ?" ಎಂದು ಜಗಳಕ್ಕೇ ಬರುತ್ತಾರೆ.)

ತೊಂದರೆಯೆಂದರೆ, ಪ್ರಯೋಗಕ್ಕೆ ಸಿಕ್ಕ ಏಕೈಕ ಶಿಶು, ಮೊಮ್ಮಗಳು ರೆನಾತ, ಇಲಿಯನ್ನು ಎತ್ತಿ ಪರದೆಗೇ ಉಜ್ಜುತ್ತಿದ್ದಳು.

"ಐದೂವರೆ ವರ್ಷದ ಕೂಸು ಕಣ್ರೀ. ಕೈ ಇಲ್ಲಿ, ಬಾಣ ಅಲ್ಲಿ ಅಂದ್ರೆ ಅದಕ್ಕೇನು ತಿಳಿಯತ್ತೆ? ಬೆರಳಲ್ಲಿ ಮುಟ್ಟಿದ್ರೆ ಮುಗೀತು," ಎಂದರು ಹೆಂಡತಿ ಎಲಿದಾ.

"ಮುಟ್ಟೋದು ಮಂಗಕ್ಕೂ ಬರತ್ತೆ!"

ಅಷ್ಟರಲ್ಲಿ ಸೋಮವಾರ ರೆನಾತಳ ಮೊದಲ ಹಾಲುಹಲ್ಲು ಬಿತ್ತು. ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟರೆ ಇಲಿ ಬಂದು ಒಯ್ದು ಉಡುಗೊರೆ ಇಡುತ್ತದೆಂದು ಅಲ್ಲಿನ ಮಕ್ಕಳೆಲ್ಲ ಬಲ್ಲರು. ಮೇಷ್ಟ್ರ ತಲೆಯಲ್ಲಿ ಮಿಂಚು ಹೊಳೆಯಿತು. "ಪುಟ್ಟೀ, ಆ ಇಲಿ ಇದೇ! ಇದರಡಿ ಇಡು," ಎಂದು ಕಂಪ್ಯೂಟರಿನ ಇಲಿಯನ್ನು ತೋರಿಸಿದರು. ಊಟ ಮುಗಿಯುವಷ್ಟರಲ್ಲಿ ಹಲ್ಲು ಮಾಯ, ಅಲ್ಲೊಂದು ಚಾಕೊಲೇಟ್ ಬಿಸ್ಕತ್ತು! ಅಂದಿನಿಂದ ಹುಡುಗಿ ಇಲಿಯ ಕೈಬಿಡಲಿಲ್ಲ. ಮೇಷ್ಟ್ರು ಮೀಸೆ ತಿರುವಿದರು.

ಗುರುವಾರ ಮೇಷ್ಟ್ರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ನೀರಿನ ಲೋಟಕ್ಕೆ ಕೈಹಾಕಿದರೆ, ಅದರಲ್ಲಿ ಬಿಚ್ಚಿಟ್ಟಿದ್ದ ಹಲ್ಲುಸೆಟ್ಟೇ ಇಲ್ಲ! ಮಂಚದಡಿ ತಡಕಾಡುತ್ತಿರುವಾಗಲೇ ಬಾಗಿಲಲ್ಲಿ ಮಿರ್ತಾ.

"ಮಕ್ಕಲಿಗೆ ಫಿಫ್ತು ಕಲಿಫೋದು ಇಲಿ ಮಾತ್ರ, ಮೇಡಂ," ಎಂದು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಭಾಷಣ ಶುರುಮಾಡಿದರು. ಮಿರ್ತಾ ಗಾಬರಿಯಿಂದ ಎಲಿದಾ ಮುಖ ನೋಡಿದರು.

"ರೆನಾತಾ, ತೋಲಿಫು!"

ರೆನಾತ ಇಲಿಗೆ ಹೊದಿಸಿದ್ದ ಟವೆಲ್ಲನ್ನು ಸರಿಸಿ, ಇಲಿಯನ್ನು ಮೆಲ್ಲನೆತ್ತಿದಳು. ಅದರಡಿ ಮೇಷ್ಟ್ರ ಮೇಲ್ದವಡೆ, ಕೆಳದವಡೆ ಎರಡೂ ಮುಖ್ಯೋಪಾಧ್ಯಾಯಿನಿಯವರನ್ನು ನೋಡಿ ಹಲ್ಲುಕಿರಿದವು. ಮಿರ್ತಾ ಕಿಟಾರನೆ ಕಿರುಚಿ ಸೋಫಾ ಹತ್ತಿದರು.

"ಅಯ್ಯೋ ಹುಡುಗಿ, ಇದ್ಯಾಕೇ ಇಲ್ಲಿ?" ಎಂದರು ಎಲಿದಾ.

"ಒಂದು ಹಲ್ಲಿಗೆ ಇಲಿ ಬಿಸ್ಕತ್ತು ಕೊಡ್ತಲ್ಲಜ್ಜೀ? ಇಷ್ಟೊಂದು ಹಲ್ಲಿಗೆ ಟಚ್‌ಸ್ಕ್ರೀನ್ ಕೊಡತ್ತೆ!"

ಮೇಷ್ಟ್ರು ಇಕ್ಕಟ್ಟಿಗೆ ಸಿಕ್ಕಿಬಿದ್ದರು. ಕೊಡುವುದಿಲ್ಲ ಎಂದರೆ ಇಲಿ ಸುಳ್ಳುಬುರುಕ, ಕೊಡುತ್ತದೆ ಎಂದರೆ ತಾವೇ ದ್ರೋಹಿ.

ಎಲಿದಾ ಟೋಪಿ ತಂದು ಅವರ ಕೈಗಿತ್ತರು. "ಹೊರಡ್ರೀ, ಅಂಗಡಿ ಮುಚ್ಚೋದ್ರೊಳಗೆ. ನಿಮ್ಮ ಇಲಿ ಮಾತು ತಪ್ಪಬಾರ್ದು."

ಮಿರ್ತಾ ಸೋಫಾದ ಮೇಲಿಂದಲೇ ಅಂದರು: "ಹೇಗೂ ಹೋಗ್ತಿದೀರಲ್ಲ ಮೇಷ್ಟ್ರೇ, ಶಿಶುವಿಹಾರಕ್ಕೂ ಆರು ಬೇಕು ಅಂತ ಹೇಳಿ ಬಂದ್ಬಿಡಿ."